ತೋಟದ ಶೆಡ್ಡಿಗೆ ಸೋಲಾರ್: ಬೆಂಕಿಯ ಭಯವಿಲ್ಲದೆ ಕೂರಿಸುವ ಬಗೆ

ತೋಟದ ಮೂಲೆಯ ಶೆಡ್ಡಿಗೆ ಮನೆಯಿಂದ ಕರೆಂಟು ಎಳೆಯಬೇಕೆಂದರೆ ನೆಲ ಅಗೆಯಬೇಕು, ಪೈಪು ಹೂಳಬೇಕು, ಉದ್ದುದ್ದ ಕೇಬಲ್ ಹಾಕಬೇಕು. ಎರಡು ಬಲ್ಬು, ಒಂದು ಫ್ಯಾನು, ಡ್ರಿಲ್ಲಿನ ಬ್ಯಾಟರಿ ಚಾರ್ಜು ಮಾಡಿಕೊಳ್ಳಲು ಅಷ್ಟೆಲ್ಲ ಯಾಕೆ? ಚಾವಣಿಯ ಮೇಲೆ ಒಂದು ಪ್ಯಾನೆಲ್, ಒಳಗೊಂದು ಬ್ಯಾಟರಿ, ನಡುವೆ ಬ್ಯಾಟರಿಗೆ ಚಾರ್ಜು ಎಷ್ಟು ಹೋಗಬೇಕು ಅಂತ ನೋಡಿಕೊಳ್ಳುವ ಒಂದು ಚಾರ್ಜ್ ಕಂಟ್ರೋಲರ್ ಇದ್ದರೆ ಸಾಕು. ಲೆಕ್ಕ ಸರಿಯಾಗಿದ್ದರೆ ಒಂದೆರಡು ದಿನದ ಕೆಲಸ.

ಈ ಕೆಲಸಕ್ಕೆ ಕೈ ಹಾಕುವವರೆಲ್ಲ ಒಂದು ಮಾತು ಹೇಳುತ್ತಾರೆ: "12 ವೋಲ್ಟ್ ತಾನೇ, ಏನಾಗುತ್ತೆ?" ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಅದು ನಿಜ. ಆದರೆ ಬೆಂಕಿ ಹೊತ್ತಿಕೊಳ್ಳಲು ಶಾಕ್ ಹೊಡೆಯುವಷ್ಟು ವೋಲ್ಟೇಜ್ ಬೇಕಾಗಿಲ್ಲ. ತುಂಬಿದ ಬ್ಯಾಟರಿಯ ಪ್ಲಸ್ಸು ಮೈನಸ್ಸಿನ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್, ಕೆಲವು ಸಲ ಸಾವಿರವನ್ನೂ ಮೀರಿ ಹರಿಯುತ್ತದೆ. ನನ್ನ ಟೂಲ್ ಪೆಟ್ಟಿಗೆಯಲ್ಲಿ ಒಂದು 13ರ ಸ್ಪ್ಯಾನರ್ ಇದೆ. ಅದರ ಹಿಡಿಯ ಅಂಚಿನಲ್ಲಿ ಕಡಲೆಕಾಳಿನಷ್ಟು ಕಬ್ಬಿಣ ಕರಗಿ ಹೋಗಿ ಗುಳಿ ಬಿದ್ದಿದೆ. ಕೈಜಾರಿ ಟರ್ಮಿನಲ್‌ಗಳ ಮೇಲೆ ಬಿದ್ದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಇನ್ನು ಶೆಡ್ಡಿನಲ್ಲಿ ಏನೇನು ಇರುತ್ತೆ ಯೋಚಿಸಿ: ಮರದ ಗೋಡೆ, ಪೇಂಟು, ಥಿನ್ನರ್, ಹುಲ್ಲು ಕತ್ತರಿಸುವ ಮಷೀನಿನ ಪೆಟ್ರೋಲ್. ಹತ್ತಿರ ಯಾರೂ ಇರುವುದಿಲ್ಲ, ರಾತ್ರಿ ಹೊತ್ತಿಕೊಂಡರೆ ನೋಡುವವರೂ ಇಲ್ಲ.

ಹಾಗಾಗಿ ನನ್ನ ಕ್ರಮ ಸ್ವಲ್ಪ ಬೇರೆ. ಹೆಚ್ಚಿನವರು ಪ್ಯಾನೆಲ್‌ನಿಂದ ಶುರು ಮಾಡುತ್ತಾರೆ. ನಾನು ಬ್ಯಾಟರಿಯಿಂದ, ಅದರಲ್ಲೂ ಬ್ಯಾಟರಿಯ ಫ್ಯೂಸಿನಿಂದ ಶುರು ಮಾಡಿ ಅಂತೀನಿ. ಅದಕ್ಕೂ ಮೊದಲು ಕಾಗದ ಪೆನ್ನು.

ಮೊದಲು ಲೆಕ್ಕ

ಶೆಡ್ಡಿನಲ್ಲಿ ಏನೇನು ಓಡಬೇಕು, ದಿನಕ್ಕೆ ಎಷ್ಟು ಗಂಟೆ ಅಂತ ಬರೆದುಕೊಳ್ಳಿ. ವ್ಯಾಟನ್ನು ಗಂಟೆಯಿಂದ ಗುಣಿಸಿ. ಒಂದು ಉದಾಹರಣೆ: 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು 4 ಗಂಟೆ ಉರಿದರೆ 72 ವ್ಯಾಟ್-ಅವರ್. 30 ವ್ಯಾಟಿನ ಡಿಸಿ ಫ್ಯಾನು 5 ಗಂಟೆಗೆ 150. ಡ್ರಿಲ್ ಚಾರ್ಜರ್ 60 ವ್ಯಾಟಿನದು ಒಂದು ಗಂಟೆ, 60. ಫೋನಿಗೆ ಒಂದು 20. ಒಟ್ಟು ಸುಮಾರು 300.

ಇಷ್ಟು ಸಿಗಬೇಕಾದರೆ ಪ್ಯಾನೆಲ್ ಇದಕ್ಕಿಂತ ಜಾಸ್ತಿ ಕೊಡಬೇಕು. ಧೂಳು, ಬಿಸಿ, ವೈರು, ಬ್ಯಾಟರಿ ಎಲ್ಲವೂ ತಮ್ಮ ಪಾಲು ತಿನ್ನುತ್ತವೆ. 300ನ್ನು 0.7ರಿಂದ ಭಾಗಿಸಿದರೆ 430 ಬರುತ್ತದೆ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್, ಚದರ ಮೀಟರಿಗೆ 1000 ವ್ಯಾಟ್ ಬಿಸಿಲು, ಸೆಲ್ಲಿನ ಬಿಸಿ 25 ಡಿಗ್ರಿ ಇರುವಾಗಿನ ಅಳತೆ. ಇಡೀ ದಿನದ ಬಿಸಿಲನ್ನು ಅಂಥ ಪೂರ್ತಿ ಬಿಸಿಲಿನ ಗಂಟೆಗಳಾಗಿ ಲೆಕ್ಕ ಹಾಕುತ್ತಾರೆ. ನಿಮ್ಮಲ್ಲಿ ಮೋಡ ಜಾಸ್ತಿ ಇರುವ ತಿಂಗಳಲ್ಲಿ ಅದು 3 ಗಂಟೆ ಅಂದುಕೊಳ್ಳೋಣ. 430 ಭಾಗಿಸು 3 ಅಂದರೆ 143. ಅಂದರೆ 150 ವ್ಯಾಟಿನ ಒಂದು ಪ್ಯಾನೆಲ್. ಲೆಕ್ಕವನ್ನು ಯಾವಾಗಲೂ ಕೆಟ್ಟ ತಿಂಗಳಿಗೇ ಹಾಕಿ. ಬೇಸಿಗೆಯಲ್ಲಿ ಹೇಗೂ ಮಿಕ್ಕುತ್ತದೆ.

ಬ್ಯಾಟರಿಗೆ ಎರಡು ದಿನ ಬಿಸಿಲೇ ಇಲ್ಲ ಅಂದುಕೊಂಡು 600 ವ್ಯಾಟ್-ಅವರ್ ಇಟ್ಟುಕೊಳ್ಳಿ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ 1200 ಬೇಕು, ಅಂದರೆ 12 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್, ವ್ಯಾಟ್-ಅವರನ್ನು ವೋಲ್ಟಿನಿಂದ ಭಾಗಿಸಿದ್ದು). ಲಿಥಿಯಂ ಐರನ್ ಫಾಸ್ಫೇಟ್ ಆದರೆ 80 ಭಾಗ ಬಳಸಬಹುದು, 12.8 ವೋಲ್ಟಿನ 60 ಎಎಚ್ ಸಾಕು.

ಯಾವ ಬ್ಯಾಟರಿ?

ನನ್ನ ಮತ ಲಿಥಿಯಂ ಐರನ್ ಫಾಸ್ಫೇಟ್‌ಗೆ. ಫೋನು, ಲ್ಯಾಪ್‌ಟಾಪಿನಲ್ಲಿ ಬರುವ ಲಿಥಿಯಂಗಿಂತ ಇದರ ರಸಾಯನ ಬೇರೆ, ಬಿಸಿಗೆ ಅಷ್ಟು ಬೇಗ ಕೆರಳುವುದಿಲ್ಲ. ಒಳಗೆ ಬಿಎಂಎಸ್ ಅನ್ನುವ ಸರ್ಕ್ಯೂಟ್ ಇರುತ್ತದೆ. ಚಾರ್ಜು ಜಾಸ್ತಿಯಾದರೆ, ತೀರಾ ಇಳಿದರೆ, ಶಾರ್ಟ್ ಆದರೆ ಅದು ಕಡಿದು ಹಾಕುತ್ತದೆ. ಬಿಎಂಎಸ್ ಇಲ್ಲದ ಬಿಡಿ ಸೆಲ್ಲುಗಳನ್ನು ಜೋಡಿಸುವುದು ಮೊದಲ ಸಲ ಮಾಡುವವರ ಕೆಲಸ ಅಲ್ಲ. ಬೇರೆ ಯಾವುದೋ ಗಾಡಿಯಿಂದ ಕಿತ್ತ ಹಳೇ ಲಿಥಿಯಂ ಪ್ಯಾಕ್ ಅಂತೂ ಬೇಡವೇ ಬೇಡ.

ಇದಕ್ಕಿರುವ ಒಂದು ಕಟ್ಟುಪಾಡು ಚಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜು ಮಾಡಬಾರದು. ಮಾಡಿದರೆ ಸೆಲ್ಲಿನ ಒಳಗೆ ಲಿಥಿಯಂ ಲೋಹವಾಗಿ ಅಂಟಿಕೊಳ್ಳುತ್ತದೆ, ಆ ಹಾನಿ ವಾಪಸ್ ಬರುವುದಿಲ್ಲ. ನೀರು ಹೆಪ್ಪುಗಟ್ಟುವಂಥ ಚಳಿ ಇರುವ ಕಡೆ, ಚಳಿಯಲ್ಲಿ ಚಾರ್ಜು ತಾನೇ ನಿಲ್ಲಿಸುವ ಬಿಎಂಎಸ್ ಇರುವುದನ್ನೇ ಕೇಳಿ ತಗೊಳ್ಳಿ.

ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ಆದರೆ ಗಾಳಿಯ ಚಿಂತೆ ಮಾಡಬೇಕು. ಚಾರ್ಜು ತುಂಬುತ್ತಾ ಬಂದಾಗ ಅದು ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಹೈಡ್ರೋಜನ್ ಸೇರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದು ಹಗುರ, ಮೇಲಕ್ಕೇ ಏರುತ್ತದೆ. ಅದಕ್ಕೆ ಗಾಳಿಯ ಕಿಂಡಿ ಚಾವಣಿಯ ಹತ್ತಿರ ಒಂದು, ಕೆಳಗೆ ಒಂದು ಇರಲಿ. ಸ್ವಿಚ್ಚು, ಫ್ಯೂಸು, ಇನ್ವರ್ಟರ್ ಯಾವುದನ್ನೂ ಬ್ಯಾಟರಿಯ ಪೆಟ್ಟಿಗೆಯೊಳಗೆ, ಅದರ ನೇರ ಮೇಲೆ ಇಡಬೇಡಿ.

ಯಾವುದೇ ಬ್ಯಾಟರಿ ಆಗಲಿ, ಬಿಸಿಲು ಬೀಳದ ಕಡೆ, ಅಲುಗಾಡದ ಹಾಗೆ, ಟರ್ಮಿನಲ್‌ಗಳಿಗೆ ಮುಚ್ಚಳ ಹಾಕಿ ಇಡಿ. ಗೋಡೆಗೆ ತೂಗು ಹಾಕಿದ ಗುದ್ದಲಿ ಜಾರಿದರೆ ಎಲ್ಲಿ ಬೀಳುತ್ತೆ ಅಂತ ಒಮ್ಮೆ ತಲೆ ಎತ್ತಿ ನೋಡಿ. ಪೆಟ್ರೋಲು, ಥಿನ್ನರ್ ಡಬ್ಬಗಳನ್ನು ಇನ್ನೊಂದು ಕಡೆಗೆ ಸಾಗಿಸಿ, ಸಾಧ್ಯವಾದರೆ ಶೆಡ್ಡಿನಿಂದ ಹೊರಗೇ ಇಡಿ.

ಫ್ಯೂಸು: ಇಲ್ಲಿ ಅವಸರ ಬೇಡ

ಫ್ಯೂಸು ಇರುವುದು ಬಲ್ಬನ್ನೋ ಫ್ಯಾನನ್ನೋ ಕಾಪಾಡಲು ಅಲ್ಲ, ವೈರನ್ನು ಕಾಪಾಡಲು. ಇದೊಂದು ತಲೆಗೆ ಹೋದರೆ ಎಲ್ಲಿ ಹಾಕಬೇಕು, ಎಷ್ಟರದು ಹಾಕಬೇಕು ಎರಡೂ ತಾವೇ ಹೊಳೆಯುತ್ತವೆ.

ಎಲ್ಲಿ? ಬ್ಯಾಟರಿಯ ಪ್ಲಸ್ ಟರ್ಮಿನಲ್‌ಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ, ಒಂದು ಗೇಣಿನ ಒಳಗೆ (ನೀರು ಹಾಕುವ ಬ್ಯಾಟರಿ ಆದರೆ ಪೆಟ್ಟಿಗೆಯ ಹೊರಗೆ, ಪಕ್ಕದಲ್ಲೇ). ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ತುಂಡು ವೈರನ್ನು ಕಾಯುವವರು ಯಾರೂ ಇಲ್ಲ. ಆ ತುಂಡು ಗಿಡ್ಡವಾಗಿದ್ದಷ್ಟೂ ಒಳ್ಳೆಯದು.

ಎಷ್ಟರದು? ಆ ವೈರಿನಲ್ಲಿ ಹರಿಯುವ ಅತಿ ಹೆಚ್ಚು ಕರೆಂಟಿನ ಒಂದೂಕಾಲು ಪಟ್ಟು ಇರಲಿ, ಆದರೆ ವೈರು ತಾಳುವ ಕರೆಂಟನ್ನು ಯಾವ ಕಾರಣಕ್ಕೂ ಮೀರದಿರಲಿ. ನಮ್ಮ ಉದಾಹರಣೆಯಲ್ಲಿ ಕಂಟ್ರೋಲರ್‌ನಿಂದ ಬ್ಯಾಟರಿಗೆ ಹೆಚ್ಚೆಂದರೆ 150 ಭಾಗಿಸು 12, ಅಂದರೆ 12.5 ಆಂಪಿಯರ್ ಹೋಗುತ್ತದೆ. 20 ಆಂಪಿಯರ್ ಕಂಟ್ರೋಲರ್, 6 ಚದರ ಮಿಲಿಮೀಟರ್ ತಾಮ್ರದ ವೈರ್, 20 ಆಂಪಿಯರ್ ಫ್ಯೂಸ್ ಸರಿಹೋಗುತ್ತದೆ. ಫ್ಯೂಸ್ ಪದೇಪದೇ ಹೋಗುತ್ತೆ ಅಂತ ದೊಡ್ಡದು ಹಾಕಬೇಡಿ. ಯಾಕೆ ಹೋಗುತ್ತೆ ಅಂತ ಹುಡುಕಿ.

ಇನ್ನೊಂದು ವಿಷಯ, ಇದನ್ನು ತುಂಬ ಜನ ಗಮನಿಸುವುದೇ ಇಲ್ಲ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಸ್ವಿಚ್ಚು ತೆಗೆದಾಗ ಹುಟ್ಟುವ ಕಿಡಿ ಅಲ್ಲೇ ಸಾಯುತ್ತದೆ. ಡಿಸಿ ಸೊನ್ನೆಗೆ ಇಳಿಯುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಅದಕ್ಕೇ ಮನೆಯಲ್ಲಿ ಮಿಕ್ಕಿದ ಎಂಸಿಬಿಯನ್ನು ತಂದು ಇಲ್ಲಿ ಕೂರಿಸಬಾರದು. ಫ್ಯೂಸು, ಎಂಸಿಬಿ, ಸ್ವಿಚ್ಚು ಎಲ್ಲದರ ಮೇಲೂ ಡಿಸಿ ಅಂತ, ಎಷ್ಟು ವೋಲ್ಟ್ ಡಿಸಿ ಅಂತ ಅಚ್ಚಾಗಿರಬೇಕು. ಕೆಲವು ಡಿಸಿ ಎಂಸಿಬಿಗಳಲ್ಲಿ ಪ್ಲಸ್ ಯಾವ ಕಡೆ ಅಂತ ಗುರುತು ಇರುತ್ತದೆ. ತಿರುವು ಮುರುವು ಹಾಕಿದರೆ ಕಡಿಯಬೇಕಾದ ಹೊತ್ತಿನಲ್ಲಿ ಅದೇ ಹೊತ್ತಿ ಉರಿಯುತ್ತದೆ. ಲಿಥಿಯಂ ಬ್ಯಾಟರಿಗೆ ಗಾಜಿನ ಸಣ್ಣ ಫ್ಯೂಸು ಬೇಡ. ಶಾರ್ಟ್ ಆದಾಗಿನ ದೊಡ್ಡ ಕರೆಂಟನ್ನು ಕಡಿಯುವ ತಾಕತ್ತು ಇರುವ ಕ್ಲಾಸ್ ಟಿ ಅಥವಾ ಟರ್ಮಿನಲ್ ಮೇಲೇ ಕೂರುವ ಎಂಆರ್‌ಬಿಎಫ್ ಫ್ಯೂಸ್ ತಗೊಳ್ಳಿ.

ವೈರು ಮತ್ತು ಲಗ್ಗು

12 ವೋಲ್ಟಿನಲ್ಲಿ ಅರ್ಧ ವೋಲ್ಟ್ ಕಳೆದುಹೋದರೂ ಅದು ನೂರಕ್ಕೆ 4 ಭಾಗ. ಎಷ್ಟು ಕಳೆಯುತ್ತೆ ಅಂತ ನೀವೇ ಲೆಕ್ಕ ಹಾಕಬಹುದು. ಒಂದು ಕಡೆಯ ಉದ್ದವನ್ನು ಮೀಟರಿನಲ್ಲಿ ತಗೊಂಡು ಎರಡರಿಂದ ಗುಣಿಸಿ, ಆಂಪಿಯರ್‌ನಿಂದ ಗುಣಿಸಿ, 0.0175ರಿಂದ ಗುಣಿಸಿ, ವೈರಿನ ಚದರ ಮಿಲಿಮೀಟರಿನಿಂದ ಭಾಗಿಸಿ. 5 ಮೀಟರ್ ದೂರಕ್ಕೆ 10 ಆಂಪಿಯರ್ ಸಾಗಿಸಬೇಕು ಅನ್ನಿ. 2.5ರ ವೈರಿನಲ್ಲಿ 0.7 ವೋಲ್ಟ್ ಹೋಗುತ್ತೆ, 6ರ ವೈರಿನಲ್ಲಿ 0.3 ಮಾತ್ರ. ನೂರಕ್ಕೆ 3ರ ಒಳಗೆ ಇರುವಂತೆ ನೋಡಿಕೊಳ್ಳಿ. ಪ್ಯಾನೆಲ್‌ನಿಂದ ಒಳಗೆ ಬರುವುದು ಬಿಸಿಲು ಮಳೆ ತಾಳುವ ಸೋಲಾರ್ ಕೇಬಲ್ಲೇ ಆಗಿರಲಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಲೂಸ್ ಕನೆಕ್ಷನ್. ಒಮ್ಮೆ ಒಂದು ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಪ್ಲಾಸ್ಟಿಕ್ ಬಾಡಿದ ವಾಸನೆ ಬಂತು. ಹೊಗೆ ಇಲ್ಲ, ಫ್ಯೂಸು ಹೋಗಿಲ್ಲ, ಫ್ಯಾನು ಆರಾಮಾಗಿ ತಿರುಗುತ್ತಿದೆ. ಹುಡುಕುತ್ತಾ ಹೋದರೆ ಬ್ಯಾಟರಿಯ ಮೈನಸ್ ಲಗ್ಗು, ಅಂದರೆ ವೈರಿನ ತುದಿಗೆ ಕೂರಿಸಿ ಬೋಲ್ಟು ಹಾಕುವ ತಾಮ್ರದ ಬಿಲ್ಲೆ. ತಾಮ್ರ ನೀಲಿ ಕಂದು ಬಣ್ಣಕ್ಕೆ ತಿರುಗಿತ್ತು, ಕಪ್ಪು ಸ್ಲೀವು ಮೇಣದ ಹಾಗೆ ಇಳಿದು ಬೋಲ್ಟಿಗೆ ಅಂಟಿತ್ತು. ಎಲ್ಲ ಆಫ್ ಮಾಡಿ ತಣಿದ ಮೇಲೆ ಮುಟ್ಟಿದರೆ ನಟ್ಟು ಬೆರಳಲ್ಲೇ ತಿರುಗಿತು. ಸ್ಪ್ಯಾನರೇ ಬೇಕಾಗಲಿಲ್ಲ.

ಫ್ಯೂಸು ಯಾಕೆ ಹೋಗಲಿಲ್ಲ? ಲೂಸ್ ಆದ ಕಡೆ ಕರೆಂಟು ಜಾಸ್ತಿ ಆಗುವುದಿಲ್ಲ, ಬಿಸಿ ಜಾಸ್ತಿ ಆಗುತ್ತದೆ. ಆ ಬೋಲ್ಟಿನ ಕೆಳಗೆ ಓಮಿನ ಹತ್ತನೇ ಒಂದು ಭಾಗ ತಡೆ ಇದ್ದರೂ ಸಾಕು. 20 ಆಂಪಿಯರ್ ಹರಿದರೆ ಅಲ್ಲೇ 40 ವ್ಯಾಟ್ ಬಿಸಿ ಹುಟ್ಟುತ್ತೆ. ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥದ್ದೊಂದು ಮರದ ಗೋಡೆಗೆ ಒರಗಿ ಗಂಟೆಗಟ್ಟಲೆ ಕೂತಿದ್ದರೆ ಹೇಗಿರುತ್ತೆ? ಫ್ಯೂಸಿಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗಬೇಕಾದದ್ದು ನಿಮ್ಮ ಕೈಗೆ ಮತ್ತು ಮೂಗಿಗೆ.

ಹಾಗಾಗಿ ವೈರನ್ನು ಸುಮ್ನೆ ಹೆಣೆದು ಟೇಪು ಸುತ್ತುವುದು ಇಲ್ಲಿ ನಡೆಯುವುದಿಲ್ಲ. ವೈರಿನ ಅಳತೆಗೆ ಸರಿಯಾದ ಲಗ್ಗನ್ನು ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿ. ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡಿದ ಲಗ್ಗು ಕ್ರಿಂಪ್ ಅಲ್ಲ. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ, ಬಿಟ್ಟು ಬಂದರೆ ಈಗಲೇ ಬರಲಿ. ಕಂಟ್ರೋಲರಿನ ಸ್ಕ್ರೂ ಕೆಳಗೆ ಹೋಗುವ ಎಳೆಗಳಿಗೆ ಸೋಲ್ಡರಿಂಗ್ ಸೀಸ ಹಾಕಬೇಡಿ. ಸೀಸ ಮೆತ್ತಗೆ, ಒತ್ತಡಕ್ಕೆ ನಿಧಾನವಾಗಿ ಜಾರುತ್ತೆ, ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲ ಆಗುತ್ತೆ. ಫೆರೂಲ್ ಅನ್ನುವ ಪುಟ್ಟ ಲೋಹದ ಕೊಳವೆ ಹಾಕಿ ಒತ್ತಿ. ಲಗ್ಗು ನೇರ ಟರ್ಮಿನಲ್‌ಗೆ ತಾಗಿ ಕೂರಬೇಕು, ವಾಷರ್ ಅದರ ಮೇಲೆ ಬರಬೇಕು, ನಡುವೆ ಅಲ್ಲ.

ಪ್ಯಾನೆಲ್ ಕೂರಿಸುವುದು

ಇದು ಸುಲಭದ ಭಾಗ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿ, ನಿಮ್ಮ ಊರಿನ ಅಕ್ಷಾಂಶದಷ್ಟು ಓರೆ ಮಾಡಿ. ಐದಾರು ಡಿಗ್ರಿ ಆಚೀಚೆ ಆದರೆ ನಷ್ಟ ಹೆಚ್ಚೇನಿಲ್ಲ. ನೆರಳು ಬಿದ್ದರೆ ನಷ್ಟ ಇದೆ. ಸೆಲ್ಲುಗಳು ಸಾಲಾಗಿ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ಕೊಂಬೆಯ ನೆರಳು ಕೆಲವೇ ಸೆಲ್ಲಿನ ಮೇಲೆ ಬಿದ್ದರೂ ಪ್ಯಾನೆಲ್ಲಿನ ದೊಡ್ಡ ಪಾಲು ಕುಂದುತ್ತದೆ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಹೋಗಿ ನೆರಳು ನೋಡಿ ಬಂದು ಆಮೇಲೆ ತೂತು ಕೊರೆಯಿರಿ.

ಶೆಡ್ಡಿನ ಚಾವಣಿ ಮನೆಯ ಚಾವಣಿಯಷ್ಟು ಗಟ್ಟಿ ಅಲ್ಲ. ಬರೀ ತಗಡಿಗೆ ಸ್ಕ್ರೂ ಹಾಕಿದರೆ ಜೋರು ಗಾಳಿಗೆ ಪ್ಯಾನೆಲ್ಲು ತಗಡಿನ ಸಮೇತ ಎದ್ದು ಹೋಗಬಹುದು. ಕೆಳಗಿನ ಪಕಾಸಿಗೇ ಬೋಲ್ಟು ಹಿಡಿಯಬೇಕು. ಚಾವಣಿಗೂ ಪ್ಯಾನೆಲ್ಲಿಗೂ ನಡುವೆ 10 ಸೆಂಟಿಮೀಟರ್ ಗಾಳಿಗೆ ಜಾಗ ಬಿಡಿ. ಬಿಸಿಯಾದಷ್ಟೂ ಪ್ಯಾನೆಲ್ ಕಡಿಮೆ ಕೊಡುತ್ತೆ, ಡಿಗ್ರಿಗೆ ಸುಮಾರು ನೂರಕ್ಕೆ 0.4 ಭಾಗ. ವೈರು ಒಳಗೆ ಬರುವ ತೂತಿಗೆ, ವೈರನ್ನು ಬಿಗಿಹಿಡಿದು ನೀರು ತಡೆಯುವ ಕೇಬಲ್ ಗ್ಲ್ಯಾಂಡ್ ಹಾಕಿ. ಹೊರಗಡೆ ವೈರನ್ನು ತೂತಿಗಿಂತ ಸ್ವಲ್ಪ ಕೆಳಗೆ ಇಳಿಸಿ ಮತ್ತೆ ಮೇಲಕ್ಕೆ ತನ್ನಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಪ್ಯಾನೆಲ್ಲಿಗೂ ಕಂಟ್ರೋಲರ್‌ಗೂ ನಡುವೆ ಒಂದು ಡಿಸಿ ಐಸೊಲೇಟರ್ ಸ್ವಿಚ್ ಇರಲೇಬೇಕು. ಬೆಳಕು ಇರುವವರೆಗೆ ಪ್ಯಾನೆಲ್ಲನ್ನು ಆಫ್ ಮಾಡಲು ಆಗುವುದಿಲ್ಲವಲ್ಲ. ಪ್ಯಾನೆಲ್ಲಿನ ವೈರಿನ ತುದಿಯಲ್ಲಿರುವ ಎಂಸಿ4 ಕನೆಕ್ಟರನ್ನು ಕರೆಂಟು ಹರಿಯುತ್ತಿರುವಾಗ ಎಳೆಯಬೇಡಿ, ಮೊದಲು ಐಸೊಲೇಟರ್ ಆಫ್. ಎರಡು ಬೇರೆ ಬೇರೆ ಕಂಪನಿಯ ಕನೆಕ್ಟರುಗಳನ್ನೂ ಒಂದಕ್ಕೊಂದು ಸಿಕ್ಕಿಸಬೇಡಿ. ಕೂತ ಹಾಗೆ ಕಾಣುತ್ತವೆ, ಒಳಗೆ ಸರಿಯಾಗಿ ಹಿಡಿದಿರುವುದಿಲ್ಲ.

ಕಂಟ್ರೋಲರ್ ಎಂಪಿಪಿಟಿ (ಪ್ಯಾನೆಲ್ಲಿನ ವೋಲ್ಟೇಜನ್ನು ಬ್ಯಾಟರಿಗೆ ಹೊಂದುವಂತೆ ಇಳಿಸಿ ಪೂರ್ತಿ ವ್ಯಾಟ್ ಹಿಂಡುವ ಬಗೆ) ಆದರೆ ಒಳ್ಳೆಯದು, ಪಿಡಬ್ಲ್ಯುಎಂ (ಪ್ಯಾನೆಲ್ಲನ್ನು ಹೆಚ್ಚುಕಮ್ಮಿ ನೇರ ಬ್ಯಾಟರಿಗೇ ಸೇರಿಸುವ ಸರಳ ಬಗೆ) ಆದರೂ ಇಷ್ಟು ಚಿಕ್ಕದಕ್ಕೆ ನಡೆಯುತ್ತದೆ. ಪಿಡಬ್ಲ್ಯುಎಂಗೆ 36 ಸೆಲ್ಲಿನ, 18 ವೋಲ್ಟ್ ಆಸುಪಾಸಿನ ಪ್ಯಾನೆಲ್ಲೇ ಬೇಕು. ಎಂಪಿಪಿಟಿ ತಗೊಂಡು ಎರಡು ಪ್ಯಾನೆಲ್ ಸಾಲಾಗಿ ಜೋಡಿಸುವುದಾದರೆ ಎರಡರ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಿದ್ದಾಗ ಬರುವ ವೋಲ್ಟೇಜ್) ಕೂಡಿಸಿ, ಕಾಲು ಭಾಗ ಜಾಸ್ತಿ ಇಟ್ಟುಕೊಂಡು ಕಂಟ್ರೋಲರಿನ ಮಿತಿ ನೋಡಿ. ಚಳಿಯ ಬೆಳಿಗ್ಗೆ ಆ ವೋಲ್ಟೇಜ್ ಏರುತ್ತದೆ. ಮಿತಿ ಒಮ್ಮೆ ದಾಟಿದರೂ ಕಂಟ್ರೋಲರ್ ಸುಟ್ಟುಹೋಗಬಹುದು.

ಜೋಡಿಸುವ ಕ್ರಮ

ಉಂಗುರ, ಲೋಹದ ವಾಚು ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಪೂರ್ತಿ ಇನ್ಸುಲೇಷನ್ ಟೇಪ್ ಸುತ್ತಿ. ಕಣ್ಣಿಗೆ ಕನ್ನಡಕ ಇರಲಿ. ಮಲ್ಟಿಮೀಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

1. ಐಸೊಲೇಟರ್ ಆಫ್ ಮಾಡಿ, ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಹೊದಿಸಿ, ಎಲ್ಲ ಫ್ಯೂಸು ಹೊರಗೆ ತೆಗೆದಿಡಿ.
2. ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ ಜೋಡಿಸಿ. ಪ್ಲಸ್ ಮೈನಸ್ ಮೀಟರಿನಲ್ಲಿ ನೋಡಿ, ವೈರಿನ ಬಣ್ಣ ನಂಬಬೇಡಿ. ಆಮೇಲೆ ಫ್ಯೂಸು ಕೂರಿಸಿ.
3. ಕಂಟ್ರೋಲರಿನ ದೀಪ ಹತ್ತಿದ ಮೇಲೆ ಬ್ಯಾಟರಿ ಯಾವುದು ಅಂತ ಸೆಟ್ ಮಾಡಿ. ಲಿಥಿಯಂ ಐರನ್ ಫಾಸ್ಫೇಟ್‌ಗೆ ಪೂರ್ತಿ ಚಾರ್ಜಿನ ವೋಲ್ಟೇಜ್ 14.2ರಿಂದ 14.6ರ ಒಳಗೆ ಇರುತ್ತದೆ, ನಿಮ್ಮ ಬ್ಯಾಟರಿಯ ಕೈಪಿಡಿ ಹೇಳಿದ್ದನ್ನು ಹಾಕಿ. ಈಕ್ವಲೈಸೇಷನ್ (ಲೆಡ್ ಆಸಿಡ್ ಬ್ಯಾಟರಿಗೆ ಆಗಾಗ ಹೆಚ್ಚಿನ ವೋಲ್ಟೇಜ್ ಕೊಡುವ ಕ್ರಮ) ಅನ್ನುವುದು ಆನ್ ಇದ್ದರೆ ಲಿಥಿಯಂಗೆ ಕಡ್ಡಾಯವಾಗಿ ಆಫ್ ಮಾಡಿ.
4. ಪ್ಯಾನೆಲ್ ಬಟ್ಟೆ ತೆಗೆದು ಐಸೊಲೇಟರ್ ತನಕ ಬಂದಿರುವ ವೋಲ್ಟೇಜ್ ಅಳೆಯಿರಿ. 36 ಸೆಲ್ಲಿನದಾದರೆ 20ರಿಂದ 22ರ ಆಸುಪಾಸು ಬರಬೇಕು. ಪ್ಲಸ್ ಮೈನಸ್ ಸರಿ ಇದ್ದರೆ ಆನ್ ಮಾಡಿ.
5. ಬಲ್ಬು, ಫ್ಯಾನುಗಳನ್ನು ಒಂದೊಂದಾಗಿ, ಒಂದೊಂದಕ್ಕೂ ಬೇರೆ ಸಣ್ಣ ಫ್ಯೂಸಿನ ಮೂಲಕ ಸೇರಿಸಿ.

ಬ್ಯಾಟರಿಗಿಂತ ಮೊದಲು ಪ್ಯಾನೆಲ್ ಜೋಡಿಸಬಾರದು. ಬ್ಯಾಟರಿ ಇಲ್ಲದೆ ಬಂದ ವೋಲ್ಟೇಜನ್ನು ಏನು ಮಾಡಬೇಕು ಅಂತ ತುಂಬ ಕಂಟ್ರೋಲರುಗಳಿಗೆ ತಿಳಿಯುವುದಿಲ್ಲ, ಕೆಲವು ಅಲ್ಲೇ ಕೆಡುತ್ತವೆ.

ಎಲ್ಲವನ್ನೂ ಒಟ್ಟಿಗೆ ಅರ್ಧ ಗಂಟೆ ಓಡಿಸಿ. ಎಲ್ಲ ಆಫ್ ಮಾಡಿದ ಕೂಡಲೇ ಪ್ರತಿ ಲಗ್ಗು, ಪ್ರತಿ ಫ್ಯೂಸ್ ಹೋಲ್ಡರ್ ಹತ್ತಿರ ಮೊದಲು ಕೈ ಹಿಡಿದು, ಆಮೇಲೆ ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಆ ಜೋಡಣೆ ಬಿಚ್ಚಿ ಮತ್ತೆ ಮಾಡಿ. ಇದೇ ಪರೀಕ್ಷೆ ಎರಡು ವಾರ ಬಿಟ್ಟು ಇನ್ನೊಮ್ಮೆ. ಮೊದಲ ವಾರಗಳಲ್ಲಿ ಸ್ಕ್ರೂಗಳು ಸಡಿಲ ಆಗುವುದು ಸಾಮಾನ್ಯ.

ಇನ್ವರ್ಟರ್ ಬೇಕಾ?

ಬೇಡದಿದ್ದರೆ ಬೇಡ. ಬಲ್ಬು, ಫ್ಯಾನು, ಫೋನ್ ಚಾರ್ಜರ್ ಎಲ್ಲವೂ 12 ವೋಲ್ಟಿನಲ್ಲೇ ಸಿಗುತ್ತವೆ. ಇನ್ವರ್ಟರ್ ಸುಮ್ನೆ ಆನ್ ಇದ್ದರೂ 10 ವ್ಯಾಟ್ ತಿಂದರೆ ದಿನಕ್ಕೆ 240 ವ್ಯಾಟ್-ಅವರ್. ನಾವು ಲೆಕ್ಕ ಹಾಕಿದ ಇಡೀ ದಿನದ ಖರ್ಚು 300 ಇತ್ತು ಅಲ್ವಾ?

ಬೇಕೇ ಬೇಕು ಅಂದರೆ 300 ವ್ಯಾಟಿನ, ಮನೆಯ ಕರೆಂಟಿನಂಥದ್ದೇ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಸಾಕು. ಅದು ಬ್ಯಾಟರಿಯಿಂದ 28 ಆಂಪಿಯರ್ ತನಕ ಎಳೆಯುತ್ತದೆ. 10 ಚದರ ಮಿಲಿಮೀಟರ್ ವೈರು, ಅದೂ ಒಂದು ಮೀಟರ್ ಒಳಗೆ, 40 ಆಂಪಿಯರ್ ಫ್ಯೂಸು. ಅಷ್ಟು ಕರೆಂಟು ಕೊಡಲು ಬ್ಯಾಟರಿಯ ಬಿಎಂಎಸ್ ಒಪ್ಪುತ್ತದೆಯೇ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ನೇರ ಬ್ಯಾಟರಿಗೇ ಜೋಡಿಸಿ, ಕಂಟ್ರೋಲರಿನ ಲೋಡ್ (ಬಲ್ಬು, ಫ್ಯಾನು ಸೇರಿಸುವ) ಟರ್ಮಿನಲ್‌ಗೆ ಅಲ್ಲ. ಇಲ್ಲಿಂದ ಹೊರಬರುವುದು ಜೀವ ತೆಗೆಯುವ ವೋಲ್ಟೇಜ್. ಇನ್ವರ್ಟರಿನ ಮೇಲೇ ಇರುವ ಸಾಕೆಟ್ಟಿಗೆ ಒಂದು ಸಾಮಾನು ಸಿಕ್ಕಿಸಿ ಬಳಸುವುದಾದರೆ ಸರಿ. ಗೋಡೆಗೆಲ್ಲ ಸಾಕೆಟ್ ಎಳೆಯುವುದಾದರೆ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಎಷ್ಟೋ ಚಿಕ್ಕ ಇನ್ವರ್ಟರುಗಳಲ್ಲಿ ನ್ಯೂಟ್ರಲ್ ಅರ್ಥಿಗೆ ಸೇರಿರುವುದಿಲ್ಲ. ಹಾಗಿದ್ದಾಗ ಆರ್‌ಸಿಸಿಬಿ (ಶಾಕ್ ಹೊಡೆದಾಗ ಕರೆಂಟು ಕಡಿಯುವ ಸ್ವಿಚ್ಚು) ಹಾಕಿದ್ದೀನಿ ಅಂತ ನೆಮ್ಮದಿಯಾಗಿದ್ದರೂ ಅದು ಬೀಳಬೇಕಾದ ಹೊತ್ತಿಗೆ ಬೀಳುವುದಿಲ್ಲ. ಎಲ್ಲ ಇನ್ವರ್ಟರಿನಲ್ಲೂ ನ್ಯೂಟ್ರಲನ್ನು ಅರ್ಥಿಗೆ ನಾವೇ ಸೇರಿಸುವಂತೆಯೂ ಇಲ್ಲ, ಕೆಲವು ಸುಟ್ಟೇ ಹೋಗುತ್ತವೆ. ಎರಡೂ ತುದಿಗೆ ಪಿನ್ ಇರುವ ವೈರು ಮಾಡಿ ಮನೆಯ ಸಾಕೆಟ್ಟಿಗೆ ಚುಚ್ಚುವುದನ್ನಂತೂ ಯಾರು ಹೇಳಿದರೂ ಮಾಡಬೇಡಿ. ಬಿಟ್ಟ ಪಿನ್ನಿನಲ್ಲಿ ಕರೆಂಟು ಇರುತ್ತದೆ, ಲೈನ್ ರಿಪೇರಿ ಮಾಡುವವರ ಜೀವಕ್ಕೂ ಅಪಾಯ.

ಆಮೇಲಿನ ದಿನಗಳು

ತಿಂಗಳಿಗೊಮ್ಮೆ ಪ್ಯಾನೆಲ್ ಒರೆಸಿ, ಅದೂ ಬೆಳಿಗ್ಗೆ ತಣ್ಣಗಿರುವಾಗ. ಲಗ್ಗುಗಳ ಬಣ್ಣ ನೋಡಿ. ಇಲಿ ವೈರು ಕಡಿದಿದೆಯಾ ಅಂತ ನೋಡಿ, ಶೆಡ್ಡಿನಲ್ಲಿ ಇದು ಇದ್ದದ್ದೇ. ಲೆಡ್ ಆಸಿಡ್ ಆದರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಅದೇ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಅಳೆದರೆ 12.7 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಅರ್ಧಕ್ಕೆ ಬಂದಿದೆ. ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ವೋಲ್ಟೇಜ್ ನೋಡಿ ಹೇಳಲು ಬರುವುದಿಲ್ಲ, ಕೊನೆಯವರೆಗೂ ಹೆಚ್ಚುಕಮ್ಮಿ ಒಂದೇ ತೋರಿಸುತ್ತದೆ. ಅದಕ್ಕೆ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುವ ಒಂದು ಶಂಟ್ ಮೀಟರ್ ಹಾಕಿಕೊಳ್ಳಿ.

ಬ್ಯಾಟರಿಯ ನೇರ ಮೇಲಲ್ಲದೆ, ಚಾವಣಿಗೆ ಒಂದು ಸ್ಮೋಕ್ ಅಲಾರ್ಮ್ ಇರಲಿ. ಬೆಂಕಿ ಆರಿಸುವ ಸಿಲಿಂಡರನ್ನು ಬಾಗಿಲ ಪಕ್ಕ ಇಡಿ, ಬ್ಯಾಟರಿ ಪಕ್ಕ ಅಲ್ಲ. ಹೊಗೆ ತುಂಬಿದ್ದರೆ ಒಳಗೆ ನುಗ್ಗಬೇಡಿ, ಬಾಗಿಲಿನಿಂದ ದೂರ ಬಂದು ಅಗ್ನಿಶಾಮಕದವರಿಗೆ ಫೋನ್ ಮಾಡಿ, ಒಳಗೆ ಯಾವ ಬ್ಯಾಟರಿ ಇದೆ ಅಂತ ಮರೆಯದೆ ಹೇಳಿ.

ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ. ಯಾವ ವೈರು ಎಲ್ಲಿಗೆ, ಯಾವ ಫ್ಯೂಸು ಎಷ್ಟರದು ಅಂತ ಕೈಯಲ್ಲೇ ಬರೆದ ಚಿತ್ರ ಆದರೂ ಸರಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಆಫ್ ಮಾಡುವ ಕ್ರಮ ಬರೆಯಿರಿ: ಮೊದಲು ಲೋಡು, ಆಮೇಲೆ ಪ್ಯಾನೆಲ್ ಐಸೊಲೇಟರ್, ಕೊನೆಗೆ ಬ್ಯಾಟರಿ ಫ್ಯೂಸು. ಬರೆದಾದ ಮೇಲೆ ಮನೆಯಲ್ಲಿ ಇನ್ನೊಬ್ಬರನ್ನು ಕರೆದು, ಏನೂ ಹೇಳಿಕೊಡದೆ, ಆ ಹಾಳೆ ನೋಡಿಕೊಂಡೇ ಒಮ್ಮೆ ಆಫ್ ಮಾಡಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ ಮತ್ತೆ ಬರೆಯಿರಿ.